ಕೂದಲು ಕಸಿಯ ಲೆಕ್ಕವನ್ನು ಓದುವ ಬಗೆ

ಗುಬ್ಬಿಯಿಂದಲೋ ಕುಣಿಗಲಿನಿಂದಲೋ ಬೆಳಗಿನ ಬಸ್ಸು ಹಿಡಿದು, ತುಮಕೂರಿಗೋ ಬೆಂಗಳೂರಿಗೋ ಹೋಗಿ, ಕೂದಲು ಕಸಿಯ ಚಿಕಿತ್ಸಾಲಯವೊಂದರಲ್ಲಿ ತಲೆಯನ್ನು ತೋರಿಸಿಕೊಂಡು ಬಂದ ತರುಣನ ಜೇಬಿನಲ್ಲಿ ಸಾಮಾನ್ಯವಾಗಿ ಒಂದು ಚೀಟಿಯಿರುತ್ತದೆ. ‘ನಾರ್ವುಡ್ 4, ಎಫ್‌ಯುಇ, 2500 ಗ್ರಾಫ್ಟ್’ ಎಂದು ಅದರಲ್ಲಿ ಬರೆದು, ಕೆಳಗೆ ಒಂದು ಮೊತ್ತವನ್ನು ಕಾಣಿಸಿರುತ್ತಾರೆ. ಇನ್ನೂ ಒಂದು ಕಡೆ ವಿಚಾರಿಸೋಣವೆಂದು ಹೋದರೆ ಅಲ್ಲಿಯ ಚೀಟಿಯಲ್ಲಿ ‘5000 ಕೂದಲು, ಡಿಎಚ್‌ಐ’ ಎಂದಿರುತ್ತದೆ. ಮೂರನೆಯ ಕಡೆ ಸಂಖ್ಯೆಯ ಗೊಡವೆಯೇ ಇಲ್ಲದೆ ‘ಅನ್‌ಲಿಮಿಟೆಡ್ ಪ್ಯಾಕೇಜ್’ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿರುತ್ತಾರೆ. ಮೂರನ್ನೂ ಮುಂದಿಟ್ಟುಕೊಂಡು ಕುಳಿತವನಿಗೆ ಯಾವುದು ಹೆಚ್ಚು, ಯಾವುದು ಕಡಿಮೆ, ತನ್ನ ತಲೆಗೆ ನಿಜವಾಗಿ ಬೇಕಾದದ್ದು ಎಷ್ಟು ಎಂಬುದೊಂದೂ ತಿಳಿಯದೆ, ಕೊನೆಗೆ ಮೊತ್ತ ಕಡಿಮೆಯಿರುವ ಚೀಟಿಯನ್ನೇ ಆರಿಸಿಕೊಳ್ಳುವ ಸಂಭವ ಹೆಚ್ಚು.

ಈ ಗೊಂದಲಕ್ಕೆ ಕಾರಣ ಸ್ಪಷ್ಟವಾಗಿದೆ. ಮೊದಲನೆಯ ಚೀಟಿ ಘಟಕಗಳನ್ನು ಎಣಿಸುತ್ತದೆ, ಎರಡನೆಯದು ಎಳೆಗಳನ್ನು ಎಣಿಸುತ್ತದೆ, ಮೂರನೆಯದು ಏನನ್ನೂ ಎಣಿಸುವುದಿಲ್ಲ. ಮೂರರಲ್ಲಿಯೂ ಎಷ್ಟು ಜಾಗಕ್ಕೆ ಎಂಬ ಮಾತೇ ಇಲ್ಲ. ಗುಬ್ಬಿಯ ತೋಟಗಾರನೊಬ್ಬನಿಗೆ ‘ಸಾವಿರ ಅಡಿಕೆ ಸಸಿ ನೆಟ್ಟುಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ, ಎಷ್ಟು ಎಕರೆಗೆ, ಸಾಲಿನಿಂದ ಸಾಲಿಗೆ ಎಷ್ಟು ಅಡಿ ಎಂದು ಆತ ಒಡನೆಯೇ ಕೇಳುತ್ತಾನೆ. 9 ಅಡಿಗೆ 9 ಅಡಿಯಂತೆ ನೆಟ್ಟರೆ ಎಕರೆಗೆ ಸುಮಾರು 540 ಸಸಿ ಹಿಡಿಯುವುದೆಂಬ ಲೆಕ್ಕ ಅವನಿಗೆ ಬಾಯಿಪಾಠವಾಗಿರುತ್ತದೆ. ಅದೇ ಮನುಷ್ಯ ಮಗನ ತಲೆಯ ವಿಷಯ ಬಂದಾಗ ಸಂಖ್ಯೆಯೊಂದನ್ನೇ ಕೇಳಿಕೊಂಡು ಮುಂಗಡ ಕಟ್ಟಿ ಬರುತ್ತಾನೆ. ಆದುದರಿಂದ ಈ ಚಿಕಿತ್ಸೆಯಲ್ಲಿ ಏನನ್ನು, ಯಾವ ಮಾನದಿಂದ ಅಳೆಯುತ್ತಾರೆಂಬುದನ್ನು ಮೊದಲು ವಿವರಿಸಿ, ಅನಂತರ ಚೀಟಿಯನ್ನು ಪರೀಕ್ಷಿಸುವ ಕ್ರಮವನ್ನು ಹೇಳುವುದು ಈ ಲೇಖನದ ಉದ್ದೇಶ.

ಕಸಿ ಹಿಡಿಯುವುದೇಕೆ?

ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರ ತಲೆಯಲ್ಲಿ ತಿಂಗಳೊಳಗೆ ಸುಮಾರು ಒಂದು ಸೆಂಟಿಮೀಟರ್ ಕೂದಲು ಮತ್ತೆ ಕಾಣಿಸಿಕೊಳ್ಳುತ್ತದೆ. ಕ್ಷೌರದ ಕತ್ತಿ ತೆಗೆಯುವುದು ಚರ್ಮದ ಮೇಲಿನ ನಿರ್ಜೀವವಾದ ಎಳೆಯನ್ನು ಮಾತ್ರ. ಅದನ್ನು ಹುಟ್ಟಿಸುವ ರೋಮಕೂಪವು ಚರ್ಮದ ಕೆಳಗೆ ಕೆಲವು ಮಿಲಿಮೀಟರ್ ಆಳದಲ್ಲಿ ಸುರಕ್ಷಿತವಾಗಿರುತ್ತದೆ. ಪುರುಷರ ವಂಶಪಾರಂಪರ್ಯದ ಬೋಳಿನಲ್ಲಿ ಕೆಡುವುದು ಈ ರೋಮಕೂಪವೇ. ಡಿಎಚ್‌ಟಿ ಎಂಬ ಹಾರ್ಮೋನಿಗೆ ಹಣೆಯಂಚಿನ, ನಡುನೆತ್ತಿಯ ಮತ್ತು ಸುಳಿಯ ಸುತ್ತಲಿನ ರೋಮಕೂಪಗಳು ಬೇಗ ಸೋಲುತ್ತವೆ. ಒಂದೊಂದು ಬೆಳವಣಿಗೆಯ ಚಕ್ರದಲ್ಲಿಯೂ ಎಳೆ ಮೊದಲಿಗಿಂತ ತೆಳ್ಳಗೆ, ಮೊದಲಿಗಿಂತ ಗಿಡ್ಡಗೆ ಬಂದು, ಕೊನೆಗೆ ಕಣ್ಣಿಗೆ ಕಾಣದ ನವಿರಾಗಿ ಉಳಿಯುತ್ತದೆ. ಹಿಂದಲೆಯ ಮತ್ತು ಕಿವಿಯ ಮೇಲ್ಭಾಗದ ರೋಮಕೂಪಗಳಿಗಾದರೋ ಈ ದೌರ್ಬಲ್ಯವಿಲ್ಲ. ಎಂತಹ ಬೋಳುತಲೆಯವರಿಗೂ ಹಿಂಬದಿಯಲ್ಲಿ ಕುದುರೆಲಾಳದಾಕಾರದ ಕೂದಲ ಪಟ್ಟಿಯೊಂದು ಉಳಿದಿರುವುದು ಇದರಿಂದಲೇ.

ಹಿಂದಲೆಯ ರೋಮಕೂಪವನ್ನು ಕಿತ್ತು ಹಣೆಯಂಚಿಗೆ ತಂದು ನೆಟ್ಟರೆ ಅದು ತನ್ನ ಹುಟ್ಟುಸ್ಥಳದ ಸ್ವಭಾವವನ್ನೇ ಉಳಿಸಿಕೊಂಡು ಬೆಳೆಯುತ್ತದೆಂಬುದನ್ನು ನ್ಯೂಯಾರ್ಕಿನ ವೈದ್ಯ ನಾರ್ಮನ್ ಒರೆಂಟ್ರೀಕ್ 1959ರ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅವರಿಗಿಂತ ಮೊದಲೇ, 1939ರಲ್ಲಿ, ಜಪಾನಿನ ಶೋಜಿ ಒಕುಡ ಎಂಬ ವೈದ್ಯರು ಸುಟ್ಟಗಾಯಗಳಿಂದ ಕೂದಲು ಕಳೆದುಕೊಂಡವರಿಗೆ ಇಂತಹ ಕಸಿ ಮಾಡಿದ್ದರಾದರೂ, ಯುದ್ಧದ ಗದ್ದಲದಲ್ಲಿ ಅದು ಹೊರಜಗತ್ತಿಗೆ ತಿಳಿಯಲಿಲ್ಲ. ಮೊದಮೊದಲು ನಾಲ್ಕು ಮಿಲಿಮೀಟರ್ ಅಗಲದ ಚರ್ಮದ ತುಂಡುಗಳನ್ನೇ ನೆಡುತ್ತಿದ್ದುದರಿಂದ ಫಲ ಗೊಂಬೆಯ ತಲೆಯಂತೆ ಕುಚ್ಚುಕುಚ್ಚಾಗಿ ಕಾಣುತ್ತಿತ್ತು. ಕೂದಲು ಒಂಟಿಯಾಗಿ ಬೆಳೆಯದೆ ಒಂದರಿಂದ ನಾಲ್ಕರ ಸಣ್ಣ ಗುಂಪುಗಳಾಗಿ ಬೆಳೆಯುತ್ತದೆಂಬುದನ್ನು 1984ರಲ್ಲಿ ಹೆಡಿಂಗ್‌ಟನ್ ಎಂಬ ರೋಗಶಾಸ್ತ್ರಜ್ಞರು ವರ್ಣಿಸಿದ ಮೇಲೆ, ಆ ಸಹಜವಾದ ಗುಂಪನ್ನೇ ಒಡೆಯದೆ ನೆಡುವ ಇಂದಿನ ಪದ್ಧತಿ 1990ರ ದಶಕದಲ್ಲಿ ರೂಪುಗೊಂಡಿತು.

ಇಷ್ಟರಿಂದ ಗ್ರಹಿಸಬೇಕಾದ ಮುಖ್ಯಾಂಶ ಒಂದೇ. ಈ ಚಿಕಿತ್ಸೆಯಿಂದ ತಲೆಯಲ್ಲಿ ಒಂದೇ ಒಂದು ಹೊಸ ಕೂದಲೂ ಸೃಷ್ಟಿಯಾಗುವುದಿಲ್ಲ. ಇದ್ದದ್ದು ಇದ್ದೆಡೆಯಿಂದ ಇಲ್ಲದೆಡೆಗೆ ಹೋಗುತ್ತದೆ. ಎಲ್ಲ ಅಳತೆಗಳೂ ಈ ಮಿತಿಯಿಂದಲೇ ಹುಟ್ಟಿದವು.

ಅಳತೆಯ ಪದಗಳು

1. ನಾರ್ವುಡ್ ಹಂತ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಮಾಡಿದ ವಿಂಗಡಣೆಯನ್ನು ನಾರ್ವುಡ್ 1975ರಲ್ಲಿ ಪರಿಷ್ಕರಿಸಿದರು. ಇದರಲ್ಲಿ ಏಳು ಹಂತಗಳುಂಟು. ಹಣೆಯ ಎರಡು ಮೂಲೆಗಳು ಆಳವಾಗಿ ಹಿಂದೆ ಸರಿದರೆ ಮೂರನೆಯ ಹಂತ. ಮುಂದಲೆಯೂ ಸುಳಿಯೂ ಬೋಳಾಗಿ ನಡುವೆ ದಟ್ಟವಾದ ಕೂದಲ ಸೇತುವೆಯೊಂದು ಉಳಿದಿದ್ದರೆ ನಾಲ್ಕನೆಯದು. ಆ ಸೇತುವೆ ತೆಳುವಾದರೆ ಐದನೆಯದು, ಅಳಿದುಹೋದರೆ ಆರನೆಯದು. ಕಿವಿಯಿಂದ ಕಿವಿಗೆ ಹಿಂಬದಿಯ ಕಿರಿದಾದ ಪಟ್ಟಿಯೊಂದೇ ಉಳಿದರೆ ಏಳನೆಯದು. ಹೆಂಗಸರಲ್ಲಿ ಹಣೆಯಂಚು ಸಾಮಾನ್ಯವಾಗಿ ಹಾಗೆಯೇ ಇದ್ದು ಬೈತಲೆಯೇ ಅಗಲವಾಗುತ್ತ ಹೋಗುವುದರಿಂದ ಅವರಿಗೆ ಲುಡ್ವಿಗ್ ಎಂಬ, 1977ರ, ಮೂರು ಹಂತಗಳ ಬೇರೆ ವಿಂಗಡಣೆಯಿದೆ. ಹಂತವೆಂಬುದು ಬೋಳಿನ ಆಕಾರವನ್ನು ಹೇಳುತ್ತದೆಯೇ ಹೊರತು ಅಳತೆಯನ್ನಲ್ಲ. ಒಂದೇ ಹಂತದ ಇಬ್ಬರ ತಲೆಗೆ ಬೇಕಾಗುವ ಗ್ರಾಫ್ಟುಗಳಲ್ಲಿ ಸಾವಿರದ ಅಂತರವಿರಬಹುದು.

2. ವಿಸ್ತೀರ್ಣ. ಕಸಿ ಮಾಡಬೇಕಾದ ಜಾಗವನ್ನು ಚದರ ಸೆಂಟಿಮೀಟರುಗಳಲ್ಲಿ ಅಳೆಯುತ್ತಾರೆ, ಅಥವಾ ಅಳೆಯಬೇಕು. ಇದನ್ನು ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತಲೆಯ ಮೇಲೆ ಬಿಗಿಯಾಗಿ ಹಿಡಿದು, ಇನ್ನೊಬ್ಬರಿಂದ ಬೋಳಿನ ಅಂಚನ್ನು ಮಾರ್ಕರ್ ಪೆನ್ನಿನಲ್ಲಿ ಗೆರೆಯೆಳೆಸಿ, ಹಾಳೆಯನ್ನು ಮಕ್ಕಳ ಗ್ರಾಫ್ ಪುಸ್ತಕದ ಮೇಲಿಟ್ಟು ಒಂದೊಂದು ಸೆಂಟಿಮೀಟರಿನ ಚೌಕಗಳನ್ನು ಎಣಿಸಿದರಾಯಿತು. ಅರ್ಧಕ್ಕಿಂತ ಹೆಚ್ಚು ಒಳಗಿರುವ ಚೌಕವನ್ನು ಪೂರ್ಣವೆಂದೂ ಕಡಿಮೆಯಿರುವುದನ್ನು ಶೂನ್ಯವೆಂದೂ ಹಿಡಿಯಿರಿ. ಅಂದಾಜಿಗೆ ಇನ್ನೊಂದು ಉಪಾಯವುಂಟು: ಹತ್ತು ರೂಪಾಯಿಯ ನಾಣ್ಯದ ವ್ಯಾಸ 27 ಮಿ.ಮೀ., ಅದು ಮುಚ್ಚುವ ಜಾಗ ಸುಮಾರು 5.7 ಚದರ ಸೆಂ.ಮೀ. ಸುಳಿಯ ಬೋಳಿನಲ್ಲಿ ಆ ನಾಣ್ಯ ಎಷ್ಟು ಸಲ ಕೂರುತ್ತದೆಂದು ಗುಣಿಸಿಕೊಳ್ಳಬಹುದು. ಆರನೆಯ ಹಂತಕ್ಕೆ ಮುಟ್ಟಿದ ತಲೆಯಲ್ಲಿ ಬೋಳಿನ ವಿಸ್ತಾರ 200 ಚದರ ಸೆಂ.ಮೀ. ತಲುಪುವುದುಂಟು.

3. ಗ್ರಾಫ್ಟ್. ಹಿಂದಲೆಯಿಂದ ತೆಗೆದ, ಒಂದರಿಂದ ನಾಲ್ಕು ಕೂದಲುಗಳುಳ್ಳ, ಸಹಜವಾದ ಒಂದು ಗುಂಪು. ಇದಕ್ಕೆ ಫಾಲಿಕ್ಯುಲರ್ ಯೂನಿಟ್ ಎಂದು ಶಾಸ್ತ್ರದ ಹೆಸರು. ಗ್ರಾಫ್ಟಿಗೆ ಸರಾಸರಿ ಎರಡು, ಎರಡೂಕಾಲು ಕೂದಲು ಇರುತ್ತವೆ. ಎರಡು ಸಾವಿರ ಗ್ರಾಫ್ಟುಗಳಲ್ಲಿ 300 ಒಂಟಿ, 1000 ಜೋಡಿ, 600 ಮೂರರವು, 100 ನಾಲ್ಕರವು ಬಂದವೆಂದಿಟ್ಟುಕೊಳ್ಳಿ. ಒಟ್ಟು ಕೂದಲು 4500 ಆಯಿತು. ಹೀಗಾಗಿ ಮೇಲೆ ಹೇಳಿದ ಚೀಟಿಗಳಲ್ಲಿ ‘5000 ಕೂದಲು’ ಎಂಬುದು ಸುಮಾರು 2200 ಗ್ರಾಫ್ಟಿಗೆ ಸಮನಾಗಿ, ‘2500 ಗ್ರಾಫ್ಟ್’ ಎಂಬುದಕ್ಕಿಂತ ಕಡಿಮೆಯೇ ಆಯಿತು; ನೋಡುವವನ ಕಣ್ಣಿಗೆ ಮಾತ್ರ ಅದು ಇಮ್ಮಡಿಯಾಗಿ ಕಂಡಿತ್ತು. ಇದರ ವಿಲೋಮವಾದ ಚಮತ್ಕಾರವೂ ಒಂದುಂಟು. ಗ್ರಾಫ್ಟಿಗಿಷ್ಟು ಎಂದು ಹಣ ಪಡೆಯುವಲ್ಲಿ, ಮೂರು ಕೂದಲಿನ ಒಂದು ಗುಂಪನ್ನು ಒಂದು ಒಂಟಿ, ಒಂದು ಜೋಡಿಯಾಗಿ ಸೀಳಿದರೆ ಕೂದಲು ಹೆಚ್ಚದೆಯೇ ಗ್ರಾಫ್ಟಿನ ಲೆಕ್ಕ ಹೆಚ್ಚುತ್ತದೆ, ಬಿಲ್ಲೂ ಹೆಚ್ಚುತ್ತದೆ. ಹಣೆಯ ಮುಂಚೂಣಿಗೆ ಒಂಟಿ ಕೂದಲುಗಳೇ ಬೇಕಾಗುವುದರಿಂದ ಸ್ವಲ್ಪ ಸೀಳುವುದು ನ್ಯಾಯವೇ. ಅರ್ಧಕ್ಕರ್ಧ ಒಂಟಿಗಳೇ ಬಂದಿವೆಯೆಂದರೆ ಕಾರಣ ಕೇಳಬೇಕು.

4. ಸಾಂದ್ರತೆ. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಫ್ಟ್ ಎಂಬುದು. ಬೋಳಾಗದ ತಲೆಯಲ್ಲಿ ಇದು ಸುಮಾರು 70ರಿಂದ 90ರವರೆಗೆ ಇರುತ್ತದೆ. ಕಸಿಯಲ್ಲಿ ಸಾಮಾನ್ಯವಾಗಿ ಮುಂದಲೆಗೆ 35ರಿಂದ 45, ಸುಳಿಗೆ 25ರಿಂದ 35 ನೆಡುತ್ತಾರೆ. ಅರ್ಧಕ್ಕೆ ತೃಪ್ತರಾಗಬೇಕೆ ಎಂದು ಹಲವರು ಕೇಳುವುದುಂಟು. ಸಹಜ ದಟ್ಟಣೆಯ ಅರ್ಧದಷ್ಟು ಕೂದಲು ಹೋಗುವವರೆಗೂ ತಲೆ ತೆಳುವಾಗಿದೆಯೆಂದು ಸಾಮಾನ್ಯರ ಕಣ್ಣಿಗೆ ತಿಳಿಯುವುದಿಲ್ಲ. ಆದ ಕಾರಣ ಅರ್ಧವನ್ನು ಮರಳಿ ತಂದರೆ ನೋಟಕ್ಕೆ ತುಂಬಿದಂತೆಯೇ ಇರುತ್ತದೆ. ಅಲ್ಲದೆ ಇಕ್ಕಟ್ಟಾಗಿ ನೆಟ್ಟಷ್ಟೂ ಆ ಚರ್ಮದ ರಕ್ತಸಂಚಾರ ಎಲ್ಲಕ್ಕೂ ಸಾಲದೆ ಹೋಗುವ ಅಪಾಯವುಂಟು.

5. ದಾನಭಾಗದ ಬಂಡವಾಳ. ಇದು ಚೀಟಿಗಳಲ್ಲಿ ತೀರ ವಿರಳವಾಗಿ ಕಾಣುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ. ಹಿಂದಲೆಯ ಸುರಕ್ಷಿತ ಭಾಗ ಸುಮಾರು 200 ಚದರ ಸೆಂ.ಮೀ., ಅಲ್ಲಿಯ ಸಾಂದ್ರತೆ 75 ಎಂದು ಹಿಡಿದರೆ ಒಟ್ಟು 15,000 ಗ್ರಾಫ್ಟ್ ಇದ್ದಂತಾಯಿತು. ಆದರೆ ಎಲ್ಲವನ್ನೂ ತೆಗೆಯುವಂತಿಲ್ಲ. ಮೂರನೆಯ ಒಂದು ಪಾಲನ್ನು ತೆಗೆದರೆ 5000. ಬಹುಮಂದಿಗೆ ಜೀವಮಾನದಲ್ಲಿ ದೊರೆಯುವ ಒಟ್ಟು ಬಂಡವಾಳ 4000ದಿಂದ 6000 ಗ್ರಾಫ್ಟುಗಳ ಆಸುಪಾಸಿನಲ್ಲಿರುತ್ತದೆ. ಇದನ್ನು ಕಣ್ಣಳತೆಯಿಂದ ಹೇಳಲಾಗದು. ಟ್ರೈಕೋಸ್ಕೋಪ್ ಎಂಬ, ಚರ್ಮಕ್ಕೆ ತಾಗಿಸಿ ಹಿಡಿಯುವ ಭೂತಗನ್ನಡಿಯ ಕ್ಯಾಮೆರಾದಿಂದ ಹಿಂದಲೆಯ ಮೂರು ನಾಲ್ಕು ಕಡೆ ನೋಡಿ ಎಣಿಸಬೇಕು. ಆರನೆಯ ಹಂತದ 200 ಚದರ ಸೆಂ.ಮೀ. ಬೋಳಿಗೆ 40ರಂತೆ ನೆಡಲು 8000 ಗ್ರಾಫ್ಟ್ ಬೇಕು, ಇರುವುದು 5000. ‘ಅನ್‌ಲಿಮಿಟೆಡ್’ ಎಂಬ ಮಾತಿನ ಅರ್ಥ ಇಲ್ಲಿಗೆ ಬಯಲಾಗುತ್ತದೆ.

6. ಎಳೆಯ ದಪ್ಪ. ಇದನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. 70 ಮೈಕ್ರಾನಿನ ಎಳೆಯ ಅಡ್ಡಕೊಯ್ತವು 50 ಮೈಕ್ರಾನಿನ ಎಳೆಯದಕ್ಕಿಂತ ಸುಮಾರು ಎರಡರಷ್ಟಿರುತ್ತದೆ. ಎಂದರೆ ದಪ್ಪ ಕೂದಲಿನವನ ಒಂದು ಗ್ರಾಫ್ಟ್, ನವಿರು ಕೂದಲಿನವನ ಎರಡು ಗ್ರಾಫ್ಟುಗಳ ಕೆಲಸ ಮಾಡುತ್ತದೆ. ಗೆಳೆಯನಿಗೆ 2000ದಲ್ಲಿ ತುಂಬಿದ್ದು ನಿಮಗೆ 3000ದಲ್ಲಿಯೂ ತುಂಬದಿರಬಹುದು. ಕಪ್ಪು ಕೂದಲು ಮತ್ತು ಬಿಳಿಯ ಚರ್ಮದ ನಡುವಿನ ಅಂತರ ಹೆಚ್ಚಿದ್ದಷ್ಟೂ ನೆತ್ತಿ ಎದ್ದು ಕಾಣುವುದರಿಂದ, ಶ್ಯಾಮಲವರ್ಣದ ನಮ್ಮವರಿಗೆ ಈ ವಿಷಯದಲ್ಲಿ ಕೊಂಚ ಅನುಕೂಲವೇ ಇದೆ.

7. ಟ್ರಾನ್ಸೆಕ್ಷನ್. ತೆಗೆಯುವಾಗ ಬುಡ ಕತ್ತರಿಸಿಹೋಗಿ ಹಾಳಾದವುಗಳ ಪ್ರಮಾಣ. ನೂರಕ್ಕೆ ಐದರೊಳಗಿದ್ದರೆ ಕೈ ಪಳಗಿದೆಯೆಂದು ತಿಳಿಯಬಹುದು.

ಪದ್ಧತಿಯ ಹೆಸರುಗಳು

ಜಾಹೀರಾತುಗಳಲ್ಲಿ ಹತ್ತಾರು ಹೆಸರುಗಳಿದ್ದರೂ ಗ್ರಾಫ್ಟನ್ನು ತೆಗೆಯುವ ಪದ್ಧತಿ ಮುಖ್ಯವಾಗಿ ಎರಡೇ. ಹಿಂದಲೆಯಿಂದ ಉದ್ದನೆಯ ಚರ್ಮದ ಪಟ್ಟಿಯೊಂದನ್ನು ಕೊಯ್ದು ತೆಗೆದು, ಸೂಕ್ಷ್ಮದರ್ಶಕದಡಿ ಗುಂಪುಗುಂಪಾಗಿ ಬಿಡಿಸಿ, ಗಾಯವನ್ನು ಹೊಲಿಯುವುದು ಎಫ್‌ಯುಟಿ. ಇದರಲ್ಲಿ ಲೆಕ್ಕ ಸುಲಭ, 20 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಪಟ್ಟಿಯಲ್ಲಿ 80ರ ಸಾಂದ್ರತೆಗೆ 1600 ಗ್ರಾಫ್ಟ್. ಹಿಂಬದಿಯಲ್ಲಿ ಗೆರೆಯಂತಹ ಒಂದು ಕಲೆ ಉಳಿಯುತ್ತದೆ. ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಕಡಿಮೆ ವ್ಯಾಸದ ಪಂಚ್ ಎಂಬ ಕೊಳವೆಯಂಚಿನ ಸಾಧನದಿಂದ ಒಂದೊಂದೇ ಗುಂಪನ್ನು ಬಿಡಿಸಿ ತೆಗೆಯುವುದು ಎಫ್‌ಯುಇ. 2002ರಲ್ಲಿ ರಾಸ್‌ಮನ್ ಮತ್ತು ಸಂಗಡಿಗರ ಪ್ರಬಂಧದ ಅನಂತರ ಇದು ಪ್ರಚಾರಕ್ಕೆ ಬಂದಿತು. ‘ಕಲೆಯೇ ಉಳಿಯದು’ ಎಂದು ಇದರ ಬಗ್ಗೆ ಹೇಳುವುದು ಸುಳ್ಳು. ತೆಗೆದ ಪ್ರತಿಯೊಂದು ಕಡೆಯಲ್ಲಿಯೂ ಚುಕ್ಕೆಯಂತಹ ಬಿಳಿಯ ಕಲೆ ಉಳಿಯುತ್ತದೆ, ಅದು ಸುತ್ತಲಿನ ಕೂದಲಿನಲ್ಲಿ ಮರೆಯಾಗುತ್ತದೆಂಬುದು ಸತ್ಯ.

ಡಿಎಚ್‌ಐ ಎಂಬುದು ಬೇರೆಯಾಗಿ ತೆಗೆಯುವ ಪದ್ಧತಿಯಲ್ಲ. ಎಫ್‌ಯುಇಯಲ್ಲಿ ತೆಗೆದದ್ದನ್ನೇ ಪೆನ್ನಿನಾಕಾರದ ಸಾಧನದಿಂದ ನೆಡುವುದು. ಆ ಪೆನ್ನು ಕೊರಿಯಾದಲ್ಲಿ 1990ರ ದಶಕದಲ್ಲಿಯೇ ಬಳಕೆಗೆ ಬಂದದ್ದು. ‘ಸಫೈರ್’ ಎಂಬುದು ರಂಧ್ರ ಮಾಡುವ ಅಲಗಿನ ಹೆಸರು. ಇವುಗಳಿಂದ ಕೆಲಸ ಕೆಡುತ್ತದೆಂದಲ್ಲ. ಆದರೆ ಅಲಗಿನ ಹೆಸರಿಗಾಗಿ ಇಮ್ಮಡಿ ಹಣ ತೆರುವುದಕ್ಕಿಂತ ಅಲಗನ್ನು ಹಿಡಿಯುವ ಕೈ ಯಾರದೆಂದು ವಿಚಾರಿಸುವುದು ಮೇಲು. ರಂಧ್ರಗಳ ಕೋನ ಮತ್ತು ದಿಕ್ಕು ಒಮ್ಮೆ ತಪ್ಪಿದರೆ ಬಂದ ಕೂದಲು ಜೀವಮಾನವಿಡೀ ನೆಟ್ಟಗೆ ನಿಂತಿರುತ್ತದೆ. ಪಿಆರ್‌ಪಿ ಎಂಬುದು ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ಅಂಶವನ್ನು ಚುಚ್ಚುವ ಪೂರಕ ಚಿಕಿತ್ಸೆ, ಕಸಿಯಲ್ಲ. ಅದರ ಲೆಕ್ಕ ಬೇರೆಯಾಗಿಯೇ ಇರಬೇಕು.

ಚೀಟಿಯನ್ನು ಪರೀಕ್ಷಿಸುವ ಕ್ರಮ

ಕುಣಿಗಲಿನ ಮೂವತ್ತರ ಪ್ರಾಯದ ಒಬ್ಬನ ಮುಂದಲೆಯ ಬೋಳು 60 ಚದರ ಸೆಂ.ಮೀ., ಸುಳಿಯ ಬೋಳು 50 ಚದರ ಸೆಂ.ಮೀ. ಇದೆಯೆಂದಿಟ್ಟುಕೊಳ್ಳೋಣ. ಮುಂದಲೆಗೆ 40ರಂತೆ 2400, ಸುಳಿಗೆ 30ರಂತೆ 1500, ಒಟ್ಟು 3900 ಗ್ರಾಫ್ಟ್ ಬೇಕಾಯಿತು. ಅವನ ಬಂಡವಾಳ 5000 ಎಂದು ವೈದ್ಯರು ಅಳೆದು ಹೇಳಿದ್ದಾರೆ. ಎರಡನ್ನೂ ಈಗಲೇ ಮಾಡಿಸಿದರೆ ಉಳಿಯುವುದು 1100. ಮೂವತ್ತರಲ್ಲಿ ನಾಲ್ಕನೆಯ ಹಂತದಲ್ಲಿರುವವನು ನಲವತ್ತೈದಕ್ಕೆ ಆರನೆಯ ಹಂತವನ್ನು ಮುಟ್ಟಬಹುದು. ಆಗ ನಡುನೆತ್ತಿಯ ಸೇತುವೆ ಅಳಿದು, ನೆಟ್ಟ ಮುಂದಲೆ ಒಂದು ಕಡೆ, ನೆಟ್ಟ ಸುಳಿ ಇನ್ನೊಂದು ಕಡೆ, ಮಧ್ಯೆ ಬಯಲು ಎಂಬಂತಾದರೆ ತುಂಬಲು ಬಂಡವಾಳವಿರುವುದಿಲ್ಲ. ಆದುದರಿಂದ ವಿವೇಕಿಯಾದ ವೈದ್ಯರು ಮುಖಕ್ಕೆ ಚೌಕಟ್ಟಾಗುವ ಮುಂದಲೆಯನ್ನು ಮೊದಲು ಮಾಡಿ, ಉಳಿದ ಸಹಜ ಕೂದಲಿಗೆ ಔಷಧಿ ಕೊಟ್ಟು, ಸುಳಿಯನ್ನು ಕೆಲವು ವರ್ಷ ಕಾದು ನೋಡೋಣವೆನ್ನುತ್ತಾರೆ. ಇಂತಹವರ ಮಾತು ಕೇಳುವವನಿಗೆ ಆ ದಿನ ರುಚಿಸದಿದ್ದರೂ ನಂಬತಕ್ಕದ್ದು ಅವರನ್ನೇ.

ವೈದ್ಯರಿಂದ ಬರೆಸಿಕೊಳ್ಳಬೇಕಾದ ಅಂಶಗಳು ಇವು:

1. ಕಸಿ ಮಾಡುವ ಜಾಗದ ವಿಸ್ತೀರ್ಣ, ಭಾಗಭಾಗವಾಗಿ, ಚದರ ಸೆಂಟಿಮೀಟರಿನಲ್ಲಿ.
2. ಪ್ರತಿ ಭಾಗಕ್ಕೂ ಉದ್ದೇಶಿಸಿದ ಸಾಂದ್ರತೆ. ಇವೆರಡರ ಗುಣಲಬ್ಧ ಚೀಟಿಯ ಗ್ರಾಫ್ಟ್ ಸಂಖ್ಯೆಗೆ ಸರಿಹೊಂದಬೇಕು.
3. ದಾನಭಾಗದ ಅಳೆದ ಸಾಂದ್ರತೆ, ಎಳೆಯ ದಪ್ಪ, ಮತ್ತು ಈ ಸಲ ತೆಗೆದ ಮೇಲೆ ಉಳಿಯುವ ಅಂದಾಜು ಬಂಡವಾಳ.
4. ಶಸ್ತ್ರಚಿಕಿತ್ಸೆಯ ದಿನ ಒಂಟಿ, ಜೋಡಿ, ಮೂರು, ನಾಲ್ಕು ಎಂದು ವಿಂಗಡಿಸಿ ಎಣಿಸಿದ ಪಟ್ಟಿಯನ್ನು ಕೊಡುವ ಒಪ್ಪಿಗೆ. ಗ್ರಾಫ್ಟುಗಳನ್ನು ತಣ್ಣಗಿನ ದ್ರಾವಣದ ಬಟ್ಟಲುಗಳಲ್ಲಿ ಹತ್ತು ಹತ್ತರ ಸಾಲುಗಳಾಗಿ ಜೋಡಿಸುವುದು ವಾಡಿಕೆ. ಆ ಬಟ್ಟಲುಗಳ ಛಾಯಾಚಿತ್ರವನ್ನು ಕೇಳಿ ಪಡೆಯಬಹುದು.
5. ಅರಿವಳಿಕೆ ಕೊಡುವವರು, ತೆಗೆಯುವವರು, ರಂಧ್ರ ಮಾಡುವವರು, ನೆಡುವವರು ಯಾರು ಯಾರು; ವೈದ್ಯರು ಎಷ್ಟು ಹೊತ್ತು ಕೋಣೆಯಲ್ಲಿರುತ್ತಾರೆ.
6. ಒಟ್ಟು ವೆಚ್ಚ, ತೆರಿಗೆಯೂ ಔಷಧಿಯೂ ಸೇರಿ. ಆಸ್ಪತ್ರೆಗಳ ಸಾಮಾನ್ಯ ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿ ಸೌಂದರ್ಯಕ್ಕಾಗಿ ಮಾಡಿಸುವ ಕೂದಲು ಕಸಿಗೆ ಇಲ್ಲ. ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಸಿಗದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲ ಉದುರುವಿಕೆಗೂ ಕಸಿಯೇ ಮದ್ದೆಂದು ಭಾವಿಸುವುದು ಮೊದಲನೆಯ ತಪ್ಪು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಹೆರಿಗೆಯ ಅನಂತರ, ಟೈಫಾಯ್ಡ್ ಡೆಂಗಿ ಮೊದಲಾದ ಜ್ವರಗಳ ಎರಡು ಮೂರು ತಿಂಗಳ ಅನಂತರ ಮುಷ್ಟಿಮುಷ್ಟಿಯಾಗಿ ಉದುರುವ ಕೂದಲು ಬಹುಮಟ್ಟಿಗೆ ತಾನಾಗಿಯೇ ಮರಳುತ್ತದೆ. ರಕ್ತಹೀನತೆ ಮತ್ತು ಥೈರಾಯ್ಡ್ ದೋಷಗಳಿಗೆ ಅವುಗಳದೇ ಚಿಕಿತ್ಸೆಯಾಗಬೇಕು. ಹುಳ ತಿಂದಂತೆ ದುಂಡುದುಂಡಾಗಿ ಉದುರುವ ಇಂದ್ರಲುಪ್ತದಲ್ಲಿ, ರೋಗ ಚುರುಕಾಗಿರುವಾಗ ಕಸಿ ಮಾಡಿದರೆ ನೆಟ್ಟದ್ದೂ ಉದುರಬಹುದು. ತುಮಕೂರು ಜಿಲ್ಲೆಯ ಹಲವೆಡೆ ಬೋರ್‌ವೆಲ್ಲಿನ ಗಡಸು ನೀರೇ ಬೋಳಿಗೆ ಕಾರಣವೆಂಬ ನಂಬಿಕೆಯುಂಟು; ಗಡಸು ನೀರಿನಿಂದ ಎಳೆ ಒರಟಾಗಿ ತುಂಡಾಗಬಹುದೇ ಹೊರತು, ಹಣೆಯ ಮೂಲೆಗಳು ಹಿಂದೆ ಸರಿಯುವುದು ಅದರಿಂದಲ್ಲ. ಆದುದರಿಂದ ಮೊದಲ ಭೇಟಿ ಕಸಿಯ ಸಲಹೆಗಾರರೊಡನಾಗದೆ ಚರ್ಮರೋಗ ತಜ್ಞರೊಡನಾಗಲಿ.

ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿನಲ್ಲಿ ಕಾಲೇಜಿನ ಹಳೆಯ ಭಾವಚಿತ್ರವನ್ನು ಮುಂದಿಟ್ಟು, ಹಣೆಯಂಚನ್ನು ಅಲ್ಲಿಗೇ ಇಳಿಸಿರೆಂದು ಹಟ ಹಿಡಿಯುವುದು ಇನ್ನೊಂದು. ಬೋಳಿನ ಗತಿ ಆ ವಯಸ್ಸಿಗೆ ಸ್ಪಷ್ಟವಾಗಿರುವುದಿಲ್ಲ. ಅಂಚನ್ನು ಒಂದು ಸೆಂಟಿಮೀಟರ್ ಕೆಳಗಿಳಿಸಲು, ಹದಿನಾಲ್ಕು ಸೆಂಟಿಮೀಟರ್ ಅಗಲದ ಹಣೆಗೆ, 40ರಂತೆ 560 ಗ್ರಾಫ್ಟ್ ವ್ಯಯವಾಗುತ್ತದೆ. ಅಷ್ಟು ಗ್ರಾಫ್ಟ್ ಮುಂದೆ ನಡುನೆತ್ತಿಗೆ ಬಹಳ ಅಗತ್ಯವಾಗಿ ಬೇಕಾದೀತು.

ಮದುವೆ ಗೊತ್ತಾದ ಮೇಲೆ ಓಡುವವರೂ ಇದ್ದಾರೆ. ನೆಟ್ಟ ಕೂದಲು ಎರಡರಿಂದ ಆರು ವಾರಗಳೊಳಗೆ ಬಹುಪಾಲು ಉದುರಿಹೋಗುತ್ತದೆ. ಬುಡ ಉಳಿದು ವಿಶ್ರಾಂತಿಯಲ್ಲಿರುತ್ತದೆ. ಅಕ್ಕಪಕ್ಕದ ಹಳೆಯ ಕೂದಲೂ ಕೆಲವೊಮ್ಮೆ ತಾತ್ಕಾಲಿಕವಾಗಿ ಉದುರುವುದುಂಟು. ಇದಕ್ಕೆ ಶಾಕ್ ಲಾಸ್ ಎನ್ನುತ್ತಾರೆ. ಮೂರು ನಾಲ್ಕು ತಿಂಗಳಿಗೆ ಹೊಸ ಎಳೆ ಹೊರಟು, ಪೂರ್ಣಫಲ ಕಾಣುವುದು ಹನ್ನೆರಡು ತಿಂಗಳ ಸುಮಾರಿಗೆ, ಸುಳಿಯಲ್ಲಿ ಇನ್ನೂ ತಡವಾಗಿ. ಎರಡನೆಯ ತಿಂಗಳಲ್ಲಿ ಕನ್ನಡಿ ನೋಡಿ ಮೋಸವಾಯಿತೆಂದು ಕೂಗಾಡುವುದೂ, ಎಂಟನೆಯ ತಿಂಗಳಿನಲ್ಲಿಯೇ ಮತ್ತೊಂದು ಕಸಿಗೆ ಒಪ್ಪಿಕೊಳ್ಳುವುದೂ ಸಮಾನವಾಗಿ ಆತುರದ ಕೆಲಸಗಳು.

ಕಸಿಯಾದ ಮೇಲೆ ಔಷಧಿಯ ಹಂಗಿಲ್ಲವೆಂದು ನಿಲ್ಲಿಸಿಬಿಡುವುದೂ ತಪ್ಪೇ. ನೆಟ್ಟದ್ದು ನಿಲ್ಲುತ್ತದೆ, ನೆಡದೆ ಇದ್ದ ಸಹಜ ಕೂದಲು ತನ್ನ ದಾರಿಯಲ್ಲಿ ಉದುರುತ್ತಲೇ ಇರುತ್ತದೆ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಮುಂತಾದವನ್ನು ವೈದ್ಯರ ಸಲಹೆಯಂತೆ ಮುಂದುವರಿಸಬೇಕು. ಅಂಗಡಿಯಿಂದ ತಾವೇ ಕೊಂಡು ಸೇವಿಸಲಾಗದು, ಗರ್ಭಿಣಿಯರಂತೂ ಫಿನಾಸ್ಟರೈಡನ್ನು ಸೇವಿಸುವುದಿರಲಿ, ಅದರ ಒಡೆದ ಮಾತ್ರೆಯನ್ನು ಮುಟ್ಟಲೂಬಾರದು.

ಎಚ್ಚರಿಕೆಗಳು

ಇದು ಕ್ಷೌರದಂಗಡಿಯ ಕೆಲಸವಲ್ಲ. ಆರೆಂಟು ಗಂಟೆ ಅರಿವಳಿಕೆಯೊಡನೆ ನಡೆಯುವ ಶಸ್ತ್ರಚಿಕಿತ್ಸೆ. ಕಾನ್ಪುರದಲ್ಲಿ ಕಸಿಯ ಅನಂತರ ಇಬ್ಬರು ಎಂಜಿನಿಯರುಗಳು ಮೃತರಾದ ಸಂಗತಿ 2025ರಲ್ಲಿ ದೇಶಾದ್ಯಂತ ಸುದ್ದಿಯಾಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ರಕ್ತ ತೆಳುಗೊಳಿಸುವ ಮಾತ್ರೆ, ಔಷಧಿಯ ಅಲರ್ಜಿ, ಗಾಯವಾದಲ್ಲಿ ಚರ್ಮ ಉಬ್ಬುವ ಕೀಲಾಯ್ಡ್ ಪ್ರಕೃತಿ, ಇವುಗಳಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ರಕ್ತಪರೀಕ್ಷೆಯನ್ನೇ ಮಾಡದೆ ಕೋಣೆಗೆ ಕರೆದರೆ ಎದ್ದು ಬನ್ನಿ.

ಮೊದಲ ಹತ್ತು ದಿನ ಗ್ರಾಫ್ಟುಗಳು ಅಲುಗದಂತೆ ಕಾಪಾಡಬೇಕು. ಬೆಂಗಳೂರಿನಲ್ಲಿ ಮಾಡಿಸಿಕೊಂಡವರು ಅದೇ ಸಂಜೆ ಕಿಕ್ಕಿರಿದ ಬಸ್ಸಿನಲ್ಲಿ ಸೀಟಿನ ಒರಗಿಗೆ ಹಿಂದಲೆಯನ್ನು ಉಜ್ಜುತ್ತ ಬರುವುದಕ್ಕಿಂತ ಒಂದು ರಾತ್ರಿ ಅಲ್ಲಿಯೇ ಉಳಿದು, ಮರುದಿನದ ಮೊದಲ ತೊಳೆಯುವಿಕೆಯನ್ನು ಚಿಕಿತ್ಸಾಲಯದಲ್ಲಿ ಮುಗಿಸಿಕೊಂಡು ಹೊರಡುವುದು ಲೇಸು. ಹೆಲ್ಮೆಟ್ಟಿಲ್ಲದೆ ಬೈಕು ಓಡಿಸುವುದು ಪ್ರಾಣಕ್ಕೆ ಅಪಾಯ, ಹೆಲ್ಮೆಟ್ಟು ತೊಡುವುದು ಕಸಿಗೆ ಅಪಾಯ. ಆದ ಕಾರಣ ಆ ದಿನಗಳಲ್ಲಿ ಬೈಕನ್ನೇ ಬಿಡಬೇಕು. ಮೂರನೆಯ, ನಾಲ್ಕನೆಯ ದಿನ ಹಣೆ ಊದಿ ಕಣ್ಣಿನವರೆಗೆ ಬಾವು ಇಳಿಯುವುದು ಸಾಮಾನ್ಯ. ಜ್ವರ, ಕೀವು, ಹೆಚ್ಚುತ್ತಿರುವ ನೋವು, ಕಪ್ಪಾಗುತ್ತಿರುವ ಚರ್ಮ ಕಂಡುಬಂದರೆ ಹರಿಶಿನವನ್ನೋ ಕೊಬ್ಬರಿಎಣ್ಣೆಯನ್ನೋ ಹಚ್ಚಿ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.

ಮಾಡುವವರ ಅರ್ಹತೆಯ ವಿಷಯದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ, ತಕ್ಕ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಕೂದಲು ಕಸಿಯನ್ನು ಮಾಡತಕ್ಕದ್ದೆಂದೂ, ಕಾರ್ಯಾಗಾರಗಳನ್ನೋ ಯೂಟ್ಯೂಬನ್ನೋ ನೋಡಿ ಕಲಿತದ್ದು ತರಬೇತಿಯೆನಿಸದೆಂದೂ ಹೇಳಿದೆ. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ; ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅದನ್ನು ತಾಳೆ ನೋಡಬಹುದು. ಚಿಕಿತ್ಸಾಲಯವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿಯಾಗಿರಬೇಕು, ನೋಂದಣಿಯ ಪ್ರಮಾಣಪತ್ರವೂ ದರಪಟ್ಟಿಯೂ ಎದ್ದು ಕಾಣುವಂತೆ ತೂಗುಹಾಕಿರಬೇಕು. ಇದರ ಕುರಿತ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಹಣ ತೆತ್ತು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಮಾನಿಸಿರುವುದರಿಂದ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಆದರೆ ಅಲ್ಲಿ ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ಬೇಕಾಗುವುದು ರಸೀದಿ, ಸಹಿಯಾದ ಒಪ್ಪಿಗೆಪತ್ರ, ಎಣಿಕೆಯ ಪಟ್ಟಿ, ಮತ್ತು ಒಂದೇ ಬೆಳಕಿನಲ್ಲಿ ಒಂದೇ ಕೋನದಿಂದ ತೆಗೆದ ಮೊದಲಿನ, ಅನಂತರದ ಛಾಯಾಚಿತ್ರಗಳು. ಮೇಲಿನ ಆರು ಅಂಶಗಳನ್ನು ಬರೆದು ಸಹಿ ಮಾಡಿಕೊಡಲು ಹಿಂಜರಿಯುವ ಸ್ಥಳದಲ್ಲಿ, ರಿಯಾಯಿತಿ ಇಂದಿಗೇ ಮುಗಿಯುತ್ತದೆಂದು ಎಷ್ಟೇ ಅವಸರಪಡಿಸಿದರೂ, ಮುಂಗಡ ಕಟ್ಟಬೇಡಿ.